ಪ ಯಾವುದು, ಫ ಯಾವುದು? ಒಂದೇ ಕೋವಿಗೆ ಮೂರು ಸ್ಕೋಪ್ ಹಾಕಿ ನೋಡಿದ್ದು

ಕೋವಿಯ ಮೇಲೆ ಕೂರಿಸಿ ಗುರಿ ನೋಡುವ ದುರ್ಬೀನು, ಅಂದರೆ ಸ್ಕೋಪ್ ಕೊಳ್ಳುವಾಗ ಎಲ್ಲರ ಕಣ್ಣೂ ದೊಡ್ಡ ಅಂಕಿಯ ಮೇಲೇ ಇರುತ್ತದೆ. ನನ್ನದೂ ಅಲ್ಲೇ ಇತ್ತು. 5-25×50 (ಝೂಮ್ 5ರಿಂದ 25 ಪಟ್ಟು, ಮುಂದಿನ ಗಾಜಿನ ಅಗಲ 50 ಮಿಲಿಮೀಟರ್) ಅಂತ ಬರೆದಿದ್ದರೆ 25 ಕಾಣಿಸುತ್ತದೆ, 5 ಕಾಣಿಸುವುದೇ ಇಲ್ಲ. ಆ 5 ಎಷ್ಟು ಮುಖ್ಯ ಅಂತ ತಿಳಿಯೋಕೆ ನನ್ನ ಕಣ್ಣೆದುರೇ ಒಂದು ಹಂದಿ ಹಿಂಡು ತಪ್ಪಿಸಿಕೊಂಡು ಹೋಗಬೇಕಾಯಿತು.

ನಾನು ವಿರಾಜಪೇಟೆ ಕಡೆಯವನು, ಈಗ ಇರುವುದು ಟೆಕ್ಸಾಸಿನ ಆಸ್ಟಿನ್‌ನಲ್ಲಿ. ಕೋವಿ ಹೊಸದೇನಲ್ಲ. ಕೈಲ್‌ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವುದನ್ನು ನೋಡಿಕೊಂಡೇ ಬೆಳೆದವನು. ಅಲ್ಲಿ ಸ್ಕೋಪ್ ಗೀಪ್ ಏನೂ ಇಲ್ಲ, ನಳಿಗೆ ತುದಿಯ ಮಣಿ, ಆಚೆ ಕಾಯಿ, ಅಷ್ಟೆ. ಬೇಟೆ ಮಾತ್ರ ನನಗೆ ಹೊಸದು. ಊರಲ್ಲಿ ಅದು 1972ರ ವನ್ಯಜೀವಿ ಕಾಯ್ದೆಗೇ ಮುಗಿದ ಕಥೆ. ಇಲ್ಲಿ ಬಂದು, ಹಂಟರ್ ಎಜುಕೇಶನ್ ಕೋರ್ಸ್ ಮಾಡಿ, ಲೈಸೆನ್ಸ್ ತೆಗೆದುಕೊಂಡ ಮೇಲೆ ಶುರುವಾಗಿದ್ದು. (ವರ್ಕ್ ವೀಸಾದಲ್ಲಿರುವ ನಮ್ಮವರಿಗೆ ಒಂದು ಮಾತು. ಅಮೆರಿಕದ ಫೆಡರಲ್ ಕಾನೂನಿನಲ್ಲಿ ಇಂಥ ವೀಸಾದವರಿಗೆ ಕೋವಿ ಇಟ್ಟುಕೊಳ್ಳಲು ನಿಷೇಧವಿದೆ, ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಇದೆ. ಸ್ಕೋಪ್ ಆಮೇಲೆ ಆರಿಸಿ, ಮೊದಲು ಅದನ್ನು ವಕೀಲರ ಹತ್ತಿರ ಖಚಿತ ಮಾಡಿಕೊಳ್ಳಿ.)

ನಾವು ನಾಲ್ಕು ಜನ ಸೇರಿ ಲಾನೋ ಕೌಂಟಿಯಲ್ಲಿ ಒಂದು ಜಾಗ ಲೀಸ್‌ಗೆ ತೆಗೆದುಕೊಂಡಿದ್ದೇವೆ. ಟೆಕ್ಸಾಸಿನಲ್ಲಿ ಬಹುಪಾಲು ನೆಲ ಖಾಸಗಿ, ಹಾಗಾಗಿ ಬೇಟೆ ಅಂದರೆ ಸಾಮಾನ್ಯವಾಗಿ ಲೀಸ್. ಓಕ್ ಮರ, ಸೀಡರ್ ಪೊದೆ, ಕಲ್ಲು, ಒಣ ಹಳ್ಳ. ವೈಟ್‌ಟೇಲ್ ಜಿಂಕೆ ಎಷ್ಟಿವೆ ಅಂದರೆ ಆ ಕೌಂಟಿ ತನ್ನನ್ನು ಟೆಕ್ಸಾಸಿನ ಜಿಂಕೆ ರಾಜಧಾನಿ ಅಂತಲೇ ಕರೆದುಕೊಳ್ಳುತ್ತದೆ. ಕಾಡುಹಂದಿ ಕಾಟವೂ ಅಷ್ಟೇ. ಅದಕ್ಕೆ ಸೀಸನ್ ಇಲ್ಲ, ವರ್ಷವಿಡೀ ಹೊಡೆಯಬಹುದು. ನಾವು ಅಲ್ಲಿ ಹೊಡೆದ ಗುಂಡುಗಳಲ್ಲಿ ಹೆಚ್ಚಿನವು 150 ಗಜದೊಳಗೆ. ಇದರ ಜೊತೆ ನನಗೆ ಇನ್ನೊಂದು ಹುಚ್ಚು. ತಿಂಗಳಿಗೊಮ್ಮೆ 1000 ಗಜದ ರೇಂಜ್‌ಗೆ ಹೋಗಿ ಕಬ್ಬಿಣದ ತಟ್ಟೆಗೆ ಹೊಡೆದು ಟಣ್ ಅನ್ನುವ ಸದ್ದು ಕೇಳುವುದು. ಎರಡಕ್ಕೂ ಒಂದೇ ಕೋವಿ, 6.5 ಕ್ರೀಡ್‌ಮೂರ್ ಅನ್ನುವ ಗುಂಡಿನದು. ಹಾಗಾದರೆ ಸ್ಕೋಪ್ ಕೂಡ ಒಂದೇ ಸಾಕಲ್ವಾ ಅಂದುಕೊಂಡೆ. ಒಂದೂವರೆ ವರ್ಷದಲ್ಲಿ ಮೂರು ಕೊಂಡೆ.

ಮೊದಲನೆಯದು ಲ್ಯೂಪೋಲ್ಡ್ ವಿಎಕ್ಸ್-ಫ್ರೀಡಮ್ 3-9×40. ಮುನ್ನೂರು ಡಾಲರ್ ಆಸುಪಾಸು. ಒಂದು ಇಂಚಿನ ನಳಿಕೆ, ತೂಕ 350 ಗ್ರಾಂ ಹತ್ತಿರ. ಒಳಗೆ ಸಾದಾ ಅಡ್ಡಗೆರೆ. ಹೊರಗೆ ದಪ್ಪ, ನಡುವೆ ಸಣ್ಣ, ಬೇರೇನೂ ಇಲ್ಲ. ಎರಡನೆಯದು ಆನ್‌ಲೈನ್‌ನಲ್ಲಿ ಸಿಕ್ಕ ಅಗ್ಗದ 4-16×44. ಕೆಂಪು ದೀಪ, ಫಸ್ಟ್ ಫೋಕಲ್ ಪ್ಲೇನ್, ಮಿಲ್ ಗೆರೆಗಳು (ಕೋನದ ಅಳತೆಯ ಗುರುತು), ಗುರಿ ಏರಿಸಿ ಇಳಿಸಲು ತಿರುಗಿಸುವ ದೊಡ್ಡ ಗುಬ್ಬಿ ಅಂದರೆ ಟರೆಟ್, ಎಲ್ಲಾ ಇದ್ದೂ ಲ್ಯೂಪೋಲ್ಡ್‌ಗಿಂತ ಕಮ್ಮಿ ದುಡ್ಡು. ಅದರ ಹೆಸರು ಹೇಳುವುದಿಲ್ಲ, ನನಗೆ ಸಿಕ್ಕ ಒಂದು ಪೀಸ್ ಹಾಗಿತ್ತು ಅಂತ ಕಂಪನಿಯನ್ನೇ ಬೈಯುವುದು ಸರಿಯಲ್ಲ. ಮೂರನೆಯದು ಸಾವಿರ ಡಾಲರಿನ 5-25×50. ಇದೂ ಫಸ್ಟ್ ಫೋಕಲ್ ಪ್ಲೇನ್, 30 ಮಿಲಿಮೀಟರ್ ನಳಿಕೆ, ಕೋವಿಗೆ ಬಿಗಿಯುವ ರಿಂಗ್ ಸೇರಿದರೆ ಕಿಲೋ ದಾಟುತ್ತದೆ.

ಈ ಫೋಕಲ್ ಪ್ಲೇನ್ ವಿಷಯ ಹೊಸಬರನ್ನು ಗೊಂದಲಕ್ಕೆ ಹಾಕುತ್ತದೆ. ಫಸ್ಟ್ ಅಂದರೆ ಝೂಮ್ ತಿರುಗಿಸಿದ ಹಾಗೆ ಗೆರೆಗಳೂ ಚಿತ್ರದ ಜೊತೆ ದೊಡ್ಡದಾಗುತ್ತವೆ, ಚಿಕ್ಕದಾಗುತ್ತವೆ. ಹಾಗಾಗಿ ಗೆರೆಯ ಅಳತೆ ಯಾವ ಝೂಮ್‌ನಲ್ಲೂ ಸರಿ. ಸೆಕೆಂಡ್ ಅಂದರೆ ಗೆರೆ ಯಾವಾಗಲೂ ಒಂದೇ ದಪ್ಪ, ಅದರ ಅಳತೆ ಒಂದು ಝೂಮ್‌ನಲ್ಲಿ ಮಾತ್ರ ಸರಿ, ಸಾಮಾನ್ಯವಾಗಿ ಗರಿಷ್ಠ ಝೂಮ್‌ನಲ್ಲಿ. ಪುಸ್ತಕದಲ್ಲಿ ಓದಿದರೆ ಫಸ್ಟೇ ಮೇಲು ಅನಿಸುತ್ತದೆ. ಮುಸ್ಸಂಜೆ ಪೊದೆ ಹತ್ತಿರ ಕೂತು ಝೂಮ್ ಇಳಿಸಿ ನೋಡಿ, ಗೆರೆ ಕೂದಲಿನಷ್ಟು ಸಣ್ಣದಾಗಿ ಕತ್ತಲಲ್ಲಿ ಕರಗಿಹೋಗಿರುತ್ತದೆ. ಆಗ ಲ್ಯೂಪೋಲ್ಡ್‌ನ ದಪ್ಪ ಗೆರೆ ದೇವರ ಹಾಗೆ ಕಾಣುತ್ತದೆ.

ಗಾಜು ಎಷ್ಟು ಚೆನ್ನಾಗಿದೆ ಅಂತ ನೋಡೋಕೆ ಒಂದು ಉಪಾಯ ಮಾಡಿದೆ. ಕಣ್ಣಿನ ಡಾಕ್ಟರ್ ಹತ್ತಿರ ಇರುವಂಥ ಚಾರ್ಟ್, ಆದರೆ ಕನ್ನಡದಲ್ಲಿ. ಪ ಮತ್ತು ಫ, ದ ಮತ್ತು ಧ, ಬ ಮತ್ತು ಭ, ಬೇರೆ ಬೇರೆ ಗಾತ್ರದಲ್ಲಿ ಪ್ರಿಂಟ್ ಮಾಡಿ ರಟ್ಟಿಗೆ ಅಂಟಿಸಿ, ಜಿಂಕೆಗೆ ಕಾಳು ಚೆಲ್ಲುವ ಫೀಡರ್ ಕಂಬಕ್ಕೆ ಕಟ್ಟಿದೆ. ನಾವು ಅಡಗಿ ಕೂರುವ ಗೂಡು, ಅಂದರೆ ಬ್ಲೈಂಡ್‌ನಿಂದ 100 ಗಜ. ಇಂಗ್ಲಿಷ್ ಅಕ್ಷರವಾದರೆ ಅರ್ಧ ಊಹೆಯಲ್ಲೇ ಓದಿಬಿಡುತ್ತೇವೆ. ಮಹಾಪ್ರಾಣದ ಆ ಸಣ್ಣ ಸೀಳು ಹಾಗಲ್ಲ, ಕಂಡರೆ ಕಂಡಿತು, ಇಲ್ಲದಿದ್ದರೆ ಇಲ್ಲ. ಯಾವ ಸಾಲಲ್ಲಿ ಯಾವುದಿದೆ ಅಂತ ನನಗೆ ನೆನಪಿರಬಾರದು ಅಂತ ಮಗಳ ಕೈಯಲ್ಲಿ ಜೋಡಣೆ ಮಾಡಿಸಿದೆ. ಕೋವಿಯ ಮೇಲೆ ಕೂರಿಸದೆ, ಮೂರನ್ನೂ ಮರಳಿನ ಚೀಲದ ಮೇಲೆ ಸಾಲಾಗಿ ಇಟ್ಟು, ಮೂರಕ್ಕೂ 9ರ ಝೂಮ್ ಕೊಟ್ಟು ನೋಡಿದೆ.

ಮಧ್ಯಾಹ್ನ ಮೂರಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ, ಅಗ್ಗದ್ದೂ ಸೇರಿ. ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ಎಲ್ಲಾ ಸ್ಕೋಪೂ ಚೆನ್ನಾಗಿ ಕಾಣುವುದು ಇದಕ್ಕೇ. ಸೂರ್ಯ ಮುಳುಗಿದ ಮೇಲೆ ಆಟ ಶುರುವಾಯಿತು. ಟೆಕ್ಸಾಸಿನಲ್ಲಿ ಜಿಂಕೆಗೆ ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲಿನಿಂದ ಸೂರ್ಯಾಸ್ತದ ನಂತರ ಅರ್ಧ ಗಂಟೆವರೆಗೆ ಹೊಡೆಯಬಹುದು, ಮತ್ತು ದೊಡ್ಡ ಕೊಂಬಿನವು ಹೊರಗೆ ಬರುವುದೇ ಆ ಕೊನೆಯ ಅರ್ಧ ಗಂಟೆಯಲ್ಲಿ. ಹದಿನೈದು ನಿಮಿಷ ಕಳೆದಾಗ ಅಗ್ಗದ್ದರಲ್ಲಿ ದೊಡ್ಡ ಸಾಲಿನ ಪ, ಫ ಎರಡೂ ಒಂದೇ ಆಗಿದ್ದವು. ಇಪ್ಪತ್ತೈದನೇ ನಿಮಿಷದಲ್ಲೂ ಉಳಿದ ಎರಡರಲ್ಲಿ ಸೀಳು ಕಾಣುತ್ತಿತ್ತು. ದುಬಾರಿಯದು ಒಂದು ಸಾಲು ಮುಂದಿತ್ತು, ಒಪ್ಪುತ್ತೇನೆ. ಏಳುನೂರು ಡಾಲರ್ ಜಾಸ್ತಿ ಕೊಟ್ಟಿದ್ದಕ್ಕೆ ಒಂದು ಸಾಲು.

ಆಮೇಲೆ ಕುತೂಹಲಕ್ಕೆ ದುಬಾರಿಯದನ್ನು 25ಕ್ಕೆ ಏರಿಸಿದೆ. ಪೂರ್ತಿ ಮಬ್ಬು. ಇದರ ಲೆಕ್ಕ ಸುಲಭ. ಮುಂದಿನ ಗಾಜಿನ ಅಗಲವನ್ನು ಝೂಮ್‌ನಿಂದ ಭಾಗಿಸಿ, ಕಣ್ಣಿಗೆ ಬರುವ ಬೆಳಕಿನ ಚುಕ್ಕೆಯ ಅಗಲ ಸಿಗುತ್ತದೆ. 50 ಭಾಗಿಸು 25, ಎರಡೇ ಮಿಲಿಮೀಟರ್. ಕತ್ತಲಲ್ಲಿ ನಮ್ಮ ಪಾಪೆ ಐದಾರು ಮಿಲಿಮೀಟರ್ ಅಗಲ ತೆರೆದುಕೊಂಡು ಕಾಯುತ್ತಿರುತ್ತದೆ, ಅದಕ್ಕೆ ಎರಡು ಮಿಲಿಮೀಟರ್ ಬೆಳಕು ಯಾವ ಮೂಲೆಗೆ? 3-9×40 ಅನ್ನು 6ಕ್ಕೆ ಇಟ್ಟರೆ ಆರೂವರೆ ಮಿಲಿಮೀಟರ್ ದಾಟುತ್ತದೆ. ಸಂಜೆ ಸರಿಯಾಗಿ ಕಾಣಿಸದಿದ್ದರೆ ಜನ ಝೂಮ್ ಏರಿಸುತ್ತಾರೆ, ಇಳಿಸಬೇಕು.

ಹಂದಿ ಕಥೆಗೆ ಬರೋಣ. ಜನವರಿ ಬೆಳಗ್ಗೆ, ಕೋವಿಯ ಮೇಲೆ 5-25 ಕೂತಿತ್ತು. ಹಿಂದಿನ ದಿನ ರೇಂಜ್‌ನಲ್ಲಿ 18ಕ್ಕೆ ಇಟ್ಟಿದ್ದೆ, ಹಾಗೇ ಬಿಟ್ಟಿದ್ದೆ. ಸೀಡರ್ ಪೊದೆಯಿಂದ ಏಳೆಂಟು ಹಂದಿ ಹೊರಗೆ ಬಂದವು, 60 ಗಜ ಅಷ್ಟೇ. ಸ್ಕೋಪ್‌ಗೆ ಕಣ್ಣಿಟ್ಟರೆ ಬರೀ ಕಪ್ಪು ಕೂದಲು. ಇದು ಯಾವ ಹಂದಿ, ಮುಖ ಯಾವ ಕಡೆ, ಹಿಂದೆ ಮರಿ ಇದೆಯಾ, ಒಂದೂ ಗೊತ್ತಾಗಲಿಲ್ಲ. ಝೂಮ್ ಬಿಗಿಯಾಗಿತ್ತು, ಕೈಗೆ ಗ್ಲೌಸ್ ಬೇರೆ. 5ಕ್ಕೆ ಇಳಿಸುವಷ್ಟರಲ್ಲಿ ಅವು ಓಡತೊಡಗಿದ್ದವು. 5ರಲ್ಲೂ 100 ಗಜಕ್ಕೆ ಕಾಣುವ ಅಗಲ ಸುಮಾರು 24 ಅಡಿ, 60 ಗಜಕ್ಕೆ ಹದಿನಾಲ್ಕೇ ಅಡಿ. ಲ್ಯೂಪೋಲ್ಡ್‌ನಲ್ಲಿ 3ಕ್ಕೆ ಇಟ್ಟಿದ್ದರೆ ಅದೇ ಜಾಗದಲ್ಲಿ 20 ಅಡಿ ಕಾಣುತ್ತಿತ್ತು. ಗುಂಡು ಹಾರಿಸಲೇ ಇಲ್ಲ. ಹಂದಿ ಸಾರಿಗೆ ಅಂತ ಊರಿಂದ ತಂದಿಟ್ಟಿದ್ದ ಕಾಚಂಪುಳಿ (ನಮ್ಮ ಕಪ್ಪು ಹುಳಿ) ಬಾಟಲಿ ಆ ವಾರ ತೆರೆಯಲಿಲ್ಲ. ತಪ್ಪು ನನ್ನದೇ, ಝೂಮ್ ಇಳಿಸಿ ಹೋಗಬೇಕಿತ್ತು. ಆದರೆ 3ರಿಂದ ಶುರುವಾಗುವ ಸ್ಕೋಪ್ ಇಂಥ ತಪ್ಪನ್ನು ಸ್ವಲ್ಪ ಕ್ಷಮಿಸುತ್ತದೆ.

ದೂರದ ಗುರಿಗೆ ಬಂದರೆ ತಕ್ಕಡಿ ಆ ಕಡೆ ವಾಲುತ್ತದೆ. 100 ಗಜಕ್ಕೆ ಝೀರೋ ಮಾಡಿದ (ಅಂದರೆ ಗುರಿಯಿಟ್ಟಲ್ಲೇ ಬೀಳುವ ಹಾಗೆ ಹೊಂದಿಸಿದ) ನನ್ನ 6.5ರ ಗುಂಡು 300 ಗಜದಲ್ಲಿ ಒಂದು ಅಡಿಯಷ್ಟು ಕೆಳಗೆ ಬೀಳುತ್ತದೆ, 500ರಲ್ಲಿ ನಾಲ್ಕು ಅಡಿ ದಾಟುತ್ತದೆ, 1000ಕ್ಕೆ 25 ಅಡಿ ಹತ್ತಿರ. ಸಾದಾ ಅಡ್ಡಗೆರೆಯಲ್ಲಿ 300 ಗಜದವರೆಗೆ ಅಂದಾಜಿನಲ್ಲಿ ಎತ್ತಿ ಹೊಡೆಯಬಹುದು. 500ಕ್ಕೆ ಟರೆಟ್‌ನ ಮುಚ್ಚಳ ಬಿಚ್ಚಿ ಕ್ಲಿಕ್‌ಗೆ ಕಾಲು ಎಂಒಎ (ಕೋನದ ಇನ್ನೊಂದು ಅಳತೆ, 100 ಗಜಕ್ಕೆ ಸುಮಾರು ಒಂದು ಇಂಚು) ಲೆಕ್ಕದಲ್ಲಿ 40 ಕ್ಲಿಕ್ ಹತ್ತಿರ ಎಣಿಸಬೇಕು. 27ರಲ್ಲಿ ಪಕ್ಕದವರು ಮಾತಾಡಿಸಿದರೆ ಮತ್ತೆ ಒಂದರಿಂದ. 5-25ರಲ್ಲಿ ಟರೆಟ್ ಮೇಲೆ 2.8 ಮಿಲ್ ಅಂತ ಕಾಣುತ್ತದೆ, ತಿರುಗಿಸಿ, ಹೊಡಿ, ವಾಪಸ್ ತಿರುಗಿಸಿದರೆ ಝೀರೋದಲ್ಲಿ ತಾನೇ ನಿಲ್ಲುತ್ತದೆ.

ಮಿಲ್ಲೋ ಎಂಒಎಯೋ ಅಂತ ಇಲ್ಲಿ ಜನ ಜಗಳವಾಡುತ್ತಾರೆ. ನಾವು ಮೀಟರ್, ಸೆಂಟಿಮೀಟರ್ ಕಲಿತು ಬಂದವರು. 0.1 ಮಿಲ್ ಅಂದರೆ 100 ಮೀಟರಿಗೆ ಒಂದು ಸೆಂಟಿಮೀಟರ್, ಕಥೆ ಮುಗೀತು. ನನಗೆ ಮಿಲ್. ಟರೆಟ್ ಮಾತ್ರ ಮಿಲ್, ಒಳಗಿನ ಗೆರೆ ಎಂಒಎ ಇರುವಂಥದ್ದನ್ನು ಕೊಳ್ಳಬೇಡಿ, ಅಷ್ಟೇ.

ಅಗ್ಗದ ಸ್ಕೋಪ್‌ನ ನಿಜವಾದ ಬಣ್ಣ ಬಯಲಾಗಿದ್ದು ಇಲ್ಲೇ. ಗುಂಡು ಬಿದ್ದ ತೂತುಗಳ ಗುಂಪು ಒಮ್ಮೆ ಎಡಕ್ಕೆ, ಒಮ್ಮೆ ಕೆಳಕ್ಕೆ. ಮೊದಲು ನನ್ನ ಕೈಯನ್ನೇ ಅನುಮಾನಿಸಿದೆ. ಆಮೇಲೆ ಗುಂಡಿನ ಬ್ಯಾಚ್. ಆಮೇಲೆ ರಿಂಗ್. ಟಾರ್ಕ್ ಡ್ರೈವರ್ ತಂದು ಸ್ಕ್ರೂಗಳನ್ನು ಕಂಪನಿ ಹೇಳಿದಷ್ಟೇ ಬಿಗಿ ಮಾಡಿದೆ (ಕೈ ಅಂದಾಜಿನಲ್ಲಿ ಬಿಗಿದರೆ ನಳಿಕೆಯೇ ಜಜ್ಜಿಹೋಗಬಹುದು). ಕೊನೆಗೆ ಎತ್ತರದ ರಟ್ಟಿನ ಪರೀಕ್ಷೆ. 100 ಗಜದಲ್ಲಿ ಉದ್ದ ರಟ್ಟು ನಿಲ್ಲಿಸಿ, ಗಾರೆ ಕೆಲಸದವರ ತೂಗುಗುಂಡು ಕಟ್ಟಿ ನೇರ ಗೆರೆ ಎಳೆದು, ಕೆಳಗಿನ ಚುಕ್ಕೆಗೇ ಗುರಿಯಿಟ್ಟು ಟರೆಟ್ 10 ಮಿಲ್ ಏರಿಸಿ ಹೊಡೆಯುವುದು. ಗುಂಡು 36 ಇಂಚು ಮೇಲೆ ಬೀಳಬೇಕು. 5-25ರಲ್ಲಿ 36ಕ್ಕೆ ಕೂದಲೆಳೆ ಹೆಚ್ಚು ಕಮ್ಮಿ. ಅಗ್ಗದ್ದರಲ್ಲಿ ಒಂದು ಸಲ 34 ಮುಕ್ಕಾಲು, ಒಂದು ಸಲ 35. ಶೇಕಡ ಮೂರೂವರೆ ತಪ್ಪು ಅಂದರೆ 1000 ಗಜದಲ್ಲಿ ಒಂದು ಅಡಿ ಹತ್ತಿರ. ತಪ್ಪು ಯಾವಾಗಲೂ ಅಷ್ಟೇ ಇದ್ದಿದ್ದರೆ ಲೆಕ್ಕದಲ್ಲಿ ಸರಿ ಮಾಡಿಕೊಳ್ಳುತ್ತಿದ್ದೆ, ಅದಕ್ಕೂ ಒಂದು ನಿಯತ್ತು ಬೇಕಲ್ವಾ. ಗೆಳೆಯನ ಕೋವಿಗೆ ಹಾಕಿ ನೋಡಿದರೂ ಅದೇ ರಾಗ.

ಇನ್ನೊಂದು ವಿಷಯ, ಅದು 16ರ ಝೂಮ್‌ನಲ್ಲಿ ಕಣ್ಣನ್ನು ತೀರಾ ಹತ್ತಿರ ಕರೆಯುತ್ತಿತ್ತು. ಗೆಳೆಯನ ಕೋವಿ .300 ವಿನ್‌ಮ್ಯಾಗ್, ಒದೆತ ಜೋರು. ಎರಡನೇ ಗುಂಡಿಗೆ ಸ್ಕೋಪ್ ಬಡಿದು ಅವನ ಹುಬ್ಬಿನ ಮೇಲೆ ಅರ್ಧಚಂದ್ರದ ಗಾಯ. ಮನೆಯಲ್ಲಿ ಏನು ಹೇಳಿದನೋ ನನಗೆ ಗೊತ್ತಿಲ್ಲ, ಆಮೇಲೆ ಎರಡು ವಾರ ಅವನ ಹೆಂಡತಿ ನನ್ನ ಜೊತೆ ಮಾತಾಡಲಿಲ್ಲ. ಕಣ್ಣಿಗೂ ಗಾಜಿಗೂ ಮೂರೂವರೆ ಇಂಚಾದರೂ ಇರಲಿ, ಅದೂ ಗರಿಷ್ಠ ಝೂಮ್‌ನಲ್ಲಿ.

25ರ ಝೂಮ್ ರೇಂಜ್‌ನಲ್ಲಾದರೂ ಬಳಸಿದೆನಾ ಅಂದರೆ, ಕಮ್ಮಿ. ಟೆಕ್ಸಾಸಿನ ಬೇಸಿಗೆಯಲ್ಲಿ ಬೆಳಗ್ಗೆ ಹತ್ತು ಗಂಟೆಗೇ ನೆಲದಿಂದ ಬಿಸಿಲುಗುದುರೆ ಏಳುತ್ತದೆ. 25ರಲ್ಲಿ ನೋಡಿದರೆ ತಟ್ಟೆ ನೀರಲ್ಲಿ ಮುಳುಗಿದ ಹಾಗೆ ಕುಣಿಯುತ್ತಿರುತ್ತದೆ. 14, 15ಕ್ಕೆ ಇಳಿಸಿದರೆ ನಿಲ್ಲುತ್ತದೆ. ಆ ಕುಣಿತ ಯಾವ ಕಡೆ ಹರಿಯುತ್ತದೆ ಅಂತ ನೋಡಿ ಗಾಳಿ ಲೆಕ್ಕ ಹಾಕುವುದೂ ಆಗ ಸುಲಭ. ಅಂದರೆ ನಾನು ದುಡ್ಡು ಕೊಟ್ಟಿದ್ದು 25ಕ್ಕೆ, ಬಳಸುತ್ತಿರುವುದು 15.

ಈಗ ಲ್ಯೂಪೋಲ್ಡ್ ಬೇಟೆಯ ಕೋವಿ ಮೇಲೆ ಖಾಯಂ. ಗುಡ್ಡ ಹತ್ತುವಾಗ ಆ ಅರ್ಧ ಕಿಲೋ ವ್ಯತ್ಯಾಸ ಹೆಗಲಿಗೆ ಗೊತ್ತಾಗುತ್ತದೆ. 5-25ಕ್ಕಾಗಿ ಭಾರದ ನಳಿಗೆಯ ಇನ್ನೊಂದು ಕೋವಿ ಕೊಂಡೆ, ಅದರ ಬೆಲೆ ಮನೆಯಲ್ಲಿ ಇನ್ನೂ ಪೂರ್ತಿ ಹೇಳಿಲ್ಲ. ಅಗ್ಗದ್ದು ಸಣ್ಣ ಗುಂಡಿನ .22 ಕೋವಿ ಮೇಲೆ ಕೂತಿದೆ. ಒದೆತ ಇಲ್ಲ, 50 ಗಜಕ್ಕೆ ಒಮ್ಮೆ ಝೀರೋ ಮಾಡಿ ಟರೆಟ್ ಮುಟ್ಟದಿದ್ದರೆ ಸುಮ್ನೆ ಇರುತ್ತದೆ. ಒಂದೇ ಸ್ಕೋಪ್‌ನಲ್ಲಿ ಎರಡೂ ಕೆಲಸ ಆಗಲೇಬೇಕು ಅನ್ನುವವರು 3-15 ಅಥವಾ 2.5-15 ತರದ್ದನ್ನು ನೋಡಿ, ದೀಪ ಇರುವ ಗೆರೆ, ಝೀರೋದಲ್ಲಿ ನಿಲ್ಲುವ ಟರೆಟ್. ನಾನೇ ಮೊದಲು ಅದನ್ನು ಕೊಂಡಿದ್ದರೆ ಎರಡು ಸ್ಕೋಪಿನ ದುಡ್ಡು, ಒಂದು ಕೋವಿಯ ದುಡ್ಡು ಉಳಿಯುತ್ತಿತ್ತು. ಬರೆಯಲು ವಿಷಯ ಇರುತ್ತಿರಲಿಲ್ಲ ಅಷ್ಟೆ.

ಊರಿಂದ ಮಾವ ಫೋನ್ ಮಾಡಿ, ಬರುವಾಗ ಒಂದು ಹಿಡ್ಕೊಂಡು ಬಾ ಅಂದರು. ಆಗಲ್ಲ ಮಾವ ಅಂದೆ. ಅಮೆರಿಕದಿಂದ ರೈಫಲ್ ಸ್ಕೋಪ್ ಹೊರಗೆ ಒಯ್ಯಲು ರಫ್ತು ನಿಯಮಗಳಿವೆ, ಸೂಟ್‌ಕೇಸಿನಲ್ಲಿ ಬಟ್ಟೆ ನಡುವೆ ಸುತ್ತಿ ತರುವ ವಸ್ತು ಅಲ್ಲ. ಅಷ್ಟಕ್ಕೂ ತೆಂಗಿನಕಾಯಿಗೆ ಸ್ಕೋಪ್ ಹಾಕಿಕೊಂಡು ನಿಂತರೆ ಊರವರು ನಗುತ್ತಾರೆ.

ಚಾರ್ಟ್ ಇನ್ನೂ ಫೀಡರ್ ಕಂಬದಲ್ಲೇ ಇದೆ, ಮಳೆಗೆ ಸ್ವಲ್ಪ ಊದಿಕೊಂಡಿದೆ. ಹೋದ ತಿಂಗಳು ಜಾಗದ ಯಜಮಾನರು ಟ್ರಕ್ ನಿಲ್ಲಿಸಿ ಅದನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ನನ್ನ ಹತ್ತಿರ ಬಂದು, ಇದನ್ನು ಕಟ್ಟಿದರೆ ಹಂದಿ ಬರಲ್ವಾ ಅಂತ ಕೇಳಿದರು.