ಓಡಿ ಬಂದು ಕಾಪಾಡು ಅಂದ ದರ್ಜಿಯ ಮಗ

ಈ ಸಿಡಿ ನನಗೆ ಸಿಕ್ಕಿದ್ದು ಲಂಡನ್ನಿನ ಬ್ರಿಕ್ಸ್‌ಟನ್‌ನಲ್ಲಿ, ಒಂದು ಚಾರಿಟಿ ಶಾಪಿನಲ್ಲಿ, ಎರಡು ಪೌಂಡಿಗೆ. ನಾನು ಅಲ್ಲಿಗೆ ಹೋಗುವುದು ಹಳೇ ಕೋಟುಗಳಿಗಾಗಿ. ಒಳ್ಳೆಯ ಉಣ್ಣೆ ಕೋಟು ಸಿಕ್ಕಿದರೆ ಗುಂಡಿ ಬಿಚ್ಚಿ ಡಬ್ಬಿಗೆ ಹಾಕಿಕೊಳ್ಳುತ್ತೇನೆ, ಒಳಗಿನ ಲೈನಿಂಗ್ ಬೇರೆ ಬಟ್ಟೆಗೆ ಆಗುತ್ತದೆ. ಬಟ್ಟೆ ಆಲ್ಟರ್ ಮಾಡುವುದು ನನ್ನ ಕೆಲಸ. ಸ್ಟಾಕ್‌ವೆಲ್ ಕಡೆ ಪುಟ್ಟ ಅಂಗಡಿ. ಒಂದು ಹೊಲಿಗೆ ಮೆಷಿನ್, ಒಂದು ಓವರ್‌ಲಾಕ್, ಮೂಲೆಯಲ್ಲಿ ಸಿಡಿ ಪ್ಲೇಯರ್, ಅದಕ್ಕೆ ಎರಡು ದೊಡ್ಡ ಸ್ಪೀಕರ್.

ಆ ದಿನ ಕೋಟು ಸಿಗಲಿಲ್ಲ. ಕೌಂಟರ್ ಪಕ್ಕದ ಬುಟ್ಟಿಯಲ್ಲಿ ಸಿಡಿಗಳಿದ್ದವು. ಒಂದರ ಹೆಸರು ಓದಿ ಕೈ ಅಲ್ಲೇ ನಿಂತಿತು. ‘ರನ್ ಕಮ್ ಸೇವ್ ಮಿ’. ಓಡಿ ಬಾ, ನನ್ನನ್ನು ಕಾಪಾಡು. ದೇವರನಾಮದ ಪಲ್ಲವಿ ಇದ್ದ ಹಾಗಿದೆ ಅಲ್ವಾ? ಹಾಡಿದವರು ರೂಟ್ಸ್ ಮನೂವಾ. ಹಿಪ್ ಹಾಪ್ ಅಂತ ಹಿಂದೆ ಬರೆದಿತ್ತು. ತಾಳಕ್ಕೆ ಮಾತು ಕೂರಿಸಿ ಹೇಳುವ, ಅಂದರೆ ರಾಪ್ ಮಾಡುವ ಸಂಗೀತ ಅದು. ನಾನು ಹಿಪ್ ಹಾಪ್ ಕೇಳುವವಳಲ್ಲ. ಹೆಸರಿಗೆ ಮನಸೋತು ತಂದೆ.

ಇದಾಗಿ ಮೂರು ವರ್ಷ. ಇಷ್ಟು ದಿನ ಕೇಳಿದ ಮೇಲೆ ಬರೆಯುತ್ತಿದ್ದೇನೆ. ನನ್ನ ಮಾತು ಮೊದಲೇ ಹೇಳಿಬಿಡುತ್ತೇನೆ: ಅಪ್ಪನ ನಂಬಿಕೆಯ ಜೊತೆ ಜಗಳ ಆಡುತ್ತಲೇ ಆ ನಂಬಿಕೆಯ ದನಿಯನ್ನು ಉಳಿಸಿಕೊಂಡ ಒಬ್ಬ ಮಗನ ಸಿಡಿ ಇದು. ದೇವರ ಬಗ್ಗೆ ಇಷ್ಟು ಪ್ರಾಮಾಣಿಕವಾಗಿ ಮಾತಾಡುವ ಹಾಡುಗಳನ್ನು ನಾನು ಜಾಸ್ತಿ ಕೇಳಿಲ್ಲ.

ರೂಟ್ಸ್ ಮನೂವಾ ಅವರ ನಿಜವಾದ ಹೆಸರು ರಾಡ್ನಿ ಹೈಲ್ಟನ್ ಸ್ಮಿತ್. ಹುಟ್ಟಿದ್ದು 1972ರಲ್ಲಿ, ಬೆಳೆದದ್ದು ಇದೇ ಸ್ಟಾಕ್‌ವೆಲ್‌ನಲ್ಲಿ. ಅಪ್ಪ ಅಮ್ಮ ಜಮೈಕಾದ ಒಂದು ಸಣ್ಣ ಹಳ್ಳಿಯವರು. ಅಪ್ಪ ಪೆಂಟಕೋಸ್ಟಲ್ ಅನ್ನುವ ಕ್ರೈಸ್ತ ಪಂಗಡದ ಚರ್ಚಿನ ಬೋಧಕರು. ಜೊತೆಗೆ ದರ್ಜಿ ಕೆಲಸವನ್ನೂ ಮಾಡಿದವರು. ಇದನ್ನು ಓದಿದ ದಿನ ನಾನು ಮೆಷಿನ್ ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ನನ್ನ ಅಪ್ಪನೂ ದರ್ಜಿ. ಬೆಳಿಗ್ಗೆ ಮೆಷಿನ್ನಿಗೆ ಕೈ ಮುಗಿದೇ ಪೆಡಲ್ ಮೇಲೆ ಕಾಲಿಡುತ್ತಿದ್ದರು. ದರ್ಜಿಯ ಮನೆಯಲ್ಲಿ ಬೆಳೆದವರಿಗೆ ಒಂದು ವಿಷಯ ಗೊತ್ತಿರುತ್ತದೆ. ಹಳೇ ಬಟ್ಟೆ ಅಂತ ಯಾವುದೂ ಇಲ್ಲ. ಬಿಚ್ಚಿ ಮತ್ತೆ ಹೊಲಿಯಬೇಕಾದ ಬಟ್ಟೆ ಅಷ್ಟೇ ಇರುವುದು. ರೂಟ್ಸ್ ಮನೂವಾ ಅವರ ಮೊದಲ ಆಲ್ಬಂ 1999ರಲ್ಲಿ ಬಂತು. ಅದರ ಹೆಸರು ‘ಬ್ರ್ಯಾಂಡ್ ನ್ಯೂ ಸೆಕೆಂಡ್ ಹ್ಯಾಂಡ್’. ಹೊಚ್ಚ ಹೊಸ ಹಳೇ ಸಾಮಾನು! ಜಮೈಕಾದ ರೆಗೇ ಗಾಯಕ ಪೀಟರ್ ಟಾಷ್ 1976ರಲ್ಲೇ ಈ ಹೆಸರಿನ ಹಾಡು ಹಾಡಿದ್ದರು. ಅಂದರೆ ಆ ಹೆಸರೂ ಒಮ್ಮೆ ಬಳಸಿದ್ದೇ.

‘ರನ್ ಕಮ್ ಸೇವ್ ಮಿ’ ಎರಡನೇ ಆಲ್ಬಂ. 2001ರ ಆಗಸ್ಟಿನಲ್ಲಿ ಬಿಗ್ ಡಾಡಾ ಅನ್ನುವ ಲಂಡನ್ನಿನ ಸಣ್ಣ ಕಂಪನಿ ಹೊರತಂದದ್ದು. ಬ್ರಿಟನ್ನಿನ ಆಲ್ಬಂ ಮಾರಾಟದ ಪಟ್ಟಿಯಲ್ಲಿ 33ನೇ ಸ್ಥಾನಕ್ಕೆ ಬಂತು. ವರ್ಷದ ಒಳ್ಳೆಯ ಆಲ್ಬಂಗೆ ಅಲ್ಲಿ ಕೊಡುವ ಮರ್ಕ್ಯುರಿ ಪ್ರಶಸ್ತಿಯ 2002ರ ಕೊನೇ ಸುತ್ತಿನ ಪಟ್ಟಿಯಲ್ಲೂ ಇತ್ತು. ಆ ವರ್ಷ ಪ್ರಶಸ್ತಿ ಮಿಸ್ ಡೈನಮೈಟ್ ಅನ್ನುವ ಗಾಯಕಿಗೆ ಹೋಯಿತು.

ಮೊದಲ ಸಲ ಹಾಕಿದಾಗ ಮಾತು ಅರ್ಧಕ್ಕರ್ಧ ಅರ್ಥ ಆಗಲಿಲ್ಲ. ಆದರೆ ಬೇಸ್, ಅಂದರೆ ಹಾಡಿನ ತಳದಲ್ಲಿ ಗುಡುಗುವ ಆ ತಗ್ಗು ನಾದ, ಕೇಳಿ ಕತ್ತರಿ ಕೆಳಗಿಟ್ಟೆ. ಗುಂಡಿಗಳ ಡಬ್ಬಿ ಮೇಜಿನ ಮೇಲೆ ಗಲಗಲ ಅನ್ನುತ್ತಿತ್ತು. ಆ ಬೇಸ್ ಬಂದದ್ದು ಜಮೈಕಾದ ಸೌಂಡ್ ಸಿಸ್ಟಮ್‌ಗಳಿಂದ. ಆಳೆತ್ತರದ ಸ್ಪೀಕರ್ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸಿ, ರೆಕಾರ್ಡ್ ಹಾಕಿ, ಅದರ ಮೇಲೆ ಮೈಕ್ ಹಿಡಿದು ಮಾತು ಕಟ್ಟುವ ರೂಢಿ. ಜಮೈಕಾದಿಂದ ಬಂದವರು ಅದನ್ನು ಇಲ್ಲಿಗೂ ತಂದರು. 1980ರ ದಶಕದಲ್ಲಿ ಲಂಡನ್ನಿನ ಲೂಯಿಶಮ್ ಕಡೆಯ ‘ಸ್ಯಾಕ್ಸನ್’ ಸೌಂಡ್ ಸಿಸ್ಟಮ್‌ನಲ್ಲಿ ಪಾಪಾ ಲೀವೈ, ಸ್ಮೈಲಿ ಕಲ್ಚರ್, ಟಿಪ್ಪಾ ಐರಿ ಅಂಥವರು ಉಸಿರು ಬಿಡದೆ ಮಾತು ಪೋಣಿಸುತ್ತಿದ್ದರು. ಲಂಡನ್ ಪಾಸಿ ಅನ್ನುವ ತಂಡ ಅಮೆರಿಕದ ಉಚ್ಚಾರ ಬಿಟ್ಟು ತಮ್ಮ ಬೀದಿಯ ಮಾತಿನಲ್ಲೇ ರಾಪ್ ಮಾಡಿತು. ಇವರೆಲ್ಲ ದಾರಿ ಮಾಡಿಟ್ಟ ಮೇಲೆ ರೂಟ್ಸ್ ಮನೂವಾ ಬಂದದ್ದು. ಅವರ ಮಾತಿನಲ್ಲಿ ಅಮ್ಮನ ಮನೆಯ ಜಮೈಕಾ ಇದೆ, ಬಸ್ ಸ್ಟಾಪಿನ ಸೌತ್ ಲಂಡನ್ ಇದೆ, ನಡುನಡುವೆ ಬೋಧಕರ ಗಂಭೀರ ಇಂಗ್ಲಿಷೂ ಇದೆ. ದನಿ ದಪ್ಪ, ಅವಸರ ಇಲ್ಲದ್ದು.

ಡಬ್ ಬಗ್ಗೆಯೂ ಹೇಳಲೇಬೇಕು. 1970ರ ದಶಕದಲ್ಲಿ ಜಮೈಕಾದ ಕಿಂಗ್‌ಸ್ಟನ್‌ನಲ್ಲಿ ಕಿಂಗ್ ಟಬ್ಬಿ ಅನ್ನುವವರು, ರೇಡಿಯೋ ರಿಪೇರಿ ಗೊತ್ತಿದ್ದವರು, ರೆಕಾರ್ಡ್ ಆದ ಹಾಡನ್ನು ತೆಗೆದುಕೊಂಡು ಅದರಿಂದ ದನಿಯನ್ನು ಕಿತ್ತು, ಗಿಟಾರ್ ಕಿತ್ತು, ಬೇಸ್ ಮತ್ತು ಡ್ರಮ್ ಉಳಿಸಿ, ನಡುವಿನ ಖಾಲಿ ಜಾಗಕ್ಕೆ ಪ್ರತಿಧ್ವನಿ ತುಂಬುತ್ತಿದ್ದರು. ಅದೇ ಡಬ್. ಇದು ನನ್ನ ಕೈಗೆ ಚೆನ್ನಾಗಿ ಗೊತ್ತಿರುವ ಕೆಲಸ. ಒಂದು ಕೋಟಿನ ಹೊಲಿಗೆ ಬಿಚ್ಚಿ ಟೇಬಲ್ ಮೇಲೆ ಹರವಿದಾಗಲೇ ಅದನ್ನು ಹೊಲಿದವರು ಎಲ್ಲಿ ಯೋಚನೆ ಮಾಡಿದ್ದರು, ಎಲ್ಲಿ ದಣಿದಿದ್ದರು ಅಂತ ಕಾಣುವುದು. ಈ ಆಲ್ಬಂ ಬಂದ ಮರುವರ್ಷ ರೂಟ್ಸ್ ಮನೂವಾ ಇದೇ ಹಾಡುಗಳಲ್ಲಿ ಹಲವನ್ನು ಬಿಚ್ಚಿ ಡಬ್ ಮಾಡಿಸಿ ಇನ್ನೊಂದು ಆಲ್ಬಂ ತಂದರು. ಅದರ ಹೆಸರು ‘ಡಬ್ ಕಮ್ ಸೇವ್ ಮಿ’. ಕಾಪಾಡಲು ಯಾರು ಓಡಿ ಬರಬೇಕು ಅನ್ನುವುದನ್ನು ಮೊದಲ ಹೆಸರು ಹೇಳಿರಲಿಲ್ಲ. ಎರಡನೆಯದು ಹೇಳಿತು. ಡಬ್ಬೇ, ನೀನೇ ಬಾ. ಅಪ್ಪ ದೇವರನ್ನು ಕರೆದ ಜಾಗದಲ್ಲಿ ಮಗ ಸಂಗೀತವನ್ನು ಕರೆಯುತ್ತಾರೆ, ಕರೆಯುವ ರೀತಿ ಮಾತ್ರ ಅದೇ. ನನಗೆ ಇದು ತುಂಬಾ ದೊಡ್ಡ ಮಾತು ಅನ್ನಿಸಿತು.

ಈಗ ‘ವಿಟ್ನೆಸ್’ ಹಾಡಿಗೆ ಬರುತ್ತೇನೆ. ಎಲ್ಲರೂ ಹೇಳುವ ಹಾಡು ಅದೇ. ಬಂದಾಗ ಪಟ್ಟಿಯಲ್ಲಿ 45ನೇ ಸ್ಥಾನಕ್ಕಷ್ಟೇ ಹೋದದ್ದು, ಆದರೆ ಇಪ್ಪತ್ತು ವರ್ಷ ದಾಟಿದರೂ ಜನ ಬಿಟ್ಟಿಲ್ಲ. ಬೇಸ್ ಅಂದರೆ ನೆಲದ ಕೆಳಗಿಂದ ಏನೋ ದೊಡ್ಡ ಪ್ರಾಣಿ ಎದ್ದು ಬರುತ್ತಿರುವ ಹಾಗೆ. ಅದರ ಮೇಲೆ ಇವರು ಚೀಸ್ ಹಾಕಿದ ಟೋಸ್ಟ್ ತಿನ್ನುತ್ತಾ ತೃಪ್ತಿಯಾಗಿ ಕೂತಿದ್ದೇನೆ ಅನ್ನುತ್ತಾರೆ. ಅದರ ಬೆನ್ನಿಗೇ ಬಡ ದೇಶಗಳ ಬರಗಾಲದ ನೋವು ತನಗೂ ತಾಗುತ್ತದೆ ಅನ್ನುತ್ತಾರೆ. ಆಮೇಲೆ ಸಿಕ್ಕ ಭಾಗ್ಯ ಎಣಿಸಿಕೊಂಡು ಹಾಡು ಮುಂದುವರಿಸೋಣ ಅನ್ನುತ್ತಾರೆ. ಅಡುಗೆಮನೆಯ ಒಂದು ತಟ್ಟೆಯಿಂದ ಶುರುವಾಗಿ ಊಟ ಇಲ್ಲದವರ ತನಕ ಹೋಗಿ ವಾಪಸ್ ಬರುವ ಈ ದಾರಿ ನಮ್ಮ ತತ್ವಪದ ಕೇಳಿದವರಿಗೆ ಹೊಸದಲ್ಲ. ಬಿಂದಿಗೆ, ಬೀಸುಕಲ್ಲು ಅಂತ ಶುರು ಮಾಡಿ ಎಲ್ಲಿಗೋ ಕರೆದುಕೊಂಡು ಹೋಗುತ್ತಾರಲ್ಲ, ಹಾಗೆ.

‘ವಿಟ್ನೆಸ್’ ಅಂದರೆ ಸಾಕ್ಷಿ. ಪೆಂಟಕೋಸ್ಟಲ್ ಚರ್ಚಿನಲ್ಲಿ ಜನ ಎದ್ದು ನಿಂತು ಸಾಕ್ಷಿ ಹೇಳುತ್ತಾರೆ. ಇದನ್ನು ನನಗೆ ತಿಳಿಸಿಕೊಟ್ಟಿದ್ದು ನನ್ನ ಒಬ್ಬ ಗಿರಾಕಿ. ಎಪ್ಪತ್ತು ದಾಟಿದ ಜಮೈಕಾದ ಹೆಂಗಸು. ನಾನು ಆಂಟಿ ಅಂತ ಕರೆಯುತ್ತೇನೆ. ಚರ್ಚಿಗೆ ಹಾಕುವ ಬಿಳಿ ಡ್ರೆಸ್ಸಿನ ಅಂಚು ಮಡಚಿಸಲು ಬಂದಿದ್ದರು. ಸ್ಟೂಲಿನ ಮೇಲೆ ನಿಂತಿದ್ದರು, ನಾನು ಕೆಳಗೆ ಕೂತು ಸುತ್ತಲೂ ಪಿನ್ ಹಾಕುತ್ತಿದ್ದೆ. ಸಿಡಿ ಓಡುತ್ತಿತ್ತು. ನಿಲ್ಲಿಸಲಾ ಅಂತ ಕೇಳಿದೆ. ಬೇಡ ಅಂತ ಕೈ ಆಡಿಸಿದರು. ಸ್ವಲ್ಪ ಹೊತ್ತಿಗೆ ಹೇಳಿದರು:

“ಈ ಹುಡುಗ ಚರ್ಚಲ್ಲಿ ಬೆಳೆದವನು, ಮಗಳೇ.”

“ನಿಮಗೆ ಹೇಗೆ ಗೊತ್ತಾಯ್ತು ಆಂಟಿ?”

“ಉಸಿರು ಎಲ್ಲಿ ತಗೊಳ್ತಾನೆ ಕೇಳು. ನಮ್ಮ ಪಾಸ್ಟರ್ ತಗೊಳ್ಳೋ ಜಾಗದಲ್ಲೇ ತಗೊಳ್ತಾನೆ.”

ಅಲ್ಲಿಂದ ನಾನು ಕೇಳುವ ರೀತಿಯೇ ಬದಲಾಯಿತು. ಹೌದು, ಅವರು ಸಾಲಿನ ಕೊನೆಗೆ ಕಾಯುತ್ತಾರೆ. ಎದುರಿಗಿದ್ದವರು ‘ಆಮೆನ್’ ಅನ್ನಲಿ ಅಂತ ಜಾಗ ಬಿಡುವ ಹಾಗೆ. ಬರೀ ತಾಳಕ್ಕೆ ಮಾತು ಕೂರಿಸುವವರು ಆ ಜಾಗ ಬಿಡುವುದಿಲ್ಲ.

ಆಂಟಿ ಆ ದಿನ ಇನ್ನೂ ಎಷ್ಟೋ ಹೇಳಿದರು. 1948ರಲ್ಲಿ ‘ಎಂಪೈರ್ ವಿಂಡ್‌ರಷ್’ ಹಡಗು ಟಿಲ್ಬರಿಗೆ ಬಂದ ಮೇಲಿನ ವರ್ಷಗಳಲ್ಲಿ ಕೆರಿಬಿಯನ್ ಜನ ಇಲ್ಲಿಗೆ ಬರತೊಡಗಿದರು. ಇಲ್ಲಿನ ಚರ್ಚುಗಳಿಗೆ ಹೋದ ಎಷ್ಟೋ ಜನರಿಗೆ ಆದರದ ಮಾತು ಸಿಗಲಿಲ್ಲ. ಆಗ ಅವರು ಮನೆಯ ಮುಂದಿನ ಕೋಣೆಯಲ್ಲಿ, ಬಾಡಿಗೆ ಹಾಲ್‌ಗಳಲ್ಲಿ ಸೇರಿ ತಮ್ಮದೇ ಪ್ರಾರ್ಥನೆ ಶುರು ಮಾಡಿದರು. ಗೆಜ್ಜೆ ಕಟ್ಟಿದ ಕೈವಾದ್ಯ ಟ್ಯಾಂಬರೀನ್, ಚಪ್ಪಾಳೆ, ಗಂಟೆಗಟ್ಟಲೆ ಹಾಡು. ಶನಿವಾರ ರಾತ್ರಿ ಸೌಂಡ್ ಸಿಸ್ಟಮ್, ಭಾನುವಾರ ಬೆಳಿಗ್ಗೆ ಚರ್ಚು. ಎರಡೂ ಒಂದೇ ಬೀದಿಯಲ್ಲಿ. “ನಮ್ಮಮ್ಮ ಶನಿವಾರದ್ದನ್ನು ಪಾಪ ಅಂತಿದ್ಲು. ನನಗೆ ಎರಡರಲ್ಲೂ ಅದೇ ನಡುಕ ಬರ್ತಿತ್ತು” ಅಂದರು ಆಂಟಿ. ಈ ಆಲ್ಬಂ ಬಗ್ಗೆ ಇದಕ್ಕಿಂತ ಒಳ್ಳೆಯ ವಿಮರ್ಶೆ ನಾನು ಓದಿಲ್ಲ. ರೂಟ್ಸ್ ಮನೂವಾ ಮಾಡಿದ್ದು ಆ ಶನಿವಾರವನ್ನೂ ಭಾನುವಾರವನ್ನೂ ಸೇರಿಸಿ ಹೊಲಿಯುವ ಕೆಲಸ. ಹೊಲಿಗೆ ಕಾಣುತ್ತದೆ. ಅದನ್ನು ಅವರು ಮುಚ್ಚಿಡುವುದಿಲ್ಲ.

ಅದು ಎಲ್ಲಕ್ಕಿಂತ ಚೆನ್ನಾಗಿ ಕಾಣುವುದು ‘ಸಿನ್ನಿ ಸಿನ್ ಸಿನ್ಸ್’ ಹಾಡಿನಲ್ಲಿ. ನನ್ನ ಮೆಚ್ಚಿನ ಹಾಡು ‘ವಿಟ್ನೆಸ್’ ಅಲ್ಲ, ಇದು. ಕಟ್ಟುನಿಟ್ಟಿನ ಧರ್ಮದ ಮನೆಯಲ್ಲಿ ಬೆಳೆದ ಹುಡುಗನ ಹಾಡು. ಪಾಪ, ಪಾಪ ಅಂತ ಕೇಳಿ ಕೇಳಿ ಬೆಳೆದವನು ದೊಡ್ಡವನಾದ ಮೇಲೆ ಆ ಪದವನ್ನು ನಾಲಿಗೆಯ ಮೇಲೆ ಹೊರಳಿಸಿ ನೋಡುತ್ತಾನೆ. ಹೆಸರಿನಲ್ಲೇ ಮಗುವಿನ ತೊದಲು ಇದೆ. ನಾನು ಕೇಳಿದ ಹಾಗೆ ಇದರಲ್ಲಿ ಅಪ್ಪನ ಮೇಲೆ ದ್ವೇಷ ಇಲ್ಲ. ಭಯ ಇದೆ, ಪ್ರಶ್ನೆ ಇದೆ, ತುಂಬಾ ಪ್ರೀತಿಯೂ ಇದೆ. ಅಪ್ಪ ಹೊಲಿದುಕೊಟ್ಟ ಅಂಗಿ ಬಿಗಿ ಆಯಿತು ಅಂತ ಎಸೆಯುವವರಿದ್ದಾರೆ. ಇವರು ಪಕ್ಕದ ಹೊಲಿಗೆ ಬಿಚ್ಚಿ, ಒಳಗೆ ಮಡಚಿಟ್ಟಿದ್ದ ಬಟ್ಟೆ ಬಿಡಿಸಿ, ತಮ್ಮ ಮೈಗೆ ಆಗುವಷ್ಟು ಸಡಿಲ ಮಾಡಿಕೊಂಡರು. ಒಳ್ಳೆಯ ದರ್ಜಿ ಹೊಲಿಯುವಾಗಲೇ ಒಳಗೆ ಅಷ್ಟು ಬಟ್ಟೆ ಬಿಟ್ಟಿರುತ್ತಾನೆ, ಮಗು ಬೆಳೆಯುತ್ತದೆ ಅಂತ.

‘ಐಟಲ್ ವಿಷನ್ಸ್’ ಅನ್ನುವ ಹಾಡಿನ ಹೆಸರಲ್ಲಿ ಜಮೈಕಾದಲ್ಲಿ ಹುಟ್ಟಿದ ರಾಸ್ತಾಫಾರಿ ಧರ್ಮದ ಜನರ ಮಾತಿದೆ. ಐಟಲ್ ಅಂದರೆ ಅವರ ಶುದ್ಧ ಊಟ, ಶುದ್ಧ ಬಾಳು. ಹೀಗೆ ಚರ್ಚಿನ ಪಕ್ಕದಲ್ಲೇ ರಾಸ್ತಾ ಮಾತೂ ಬಂದು ಕೂರುತ್ತದೆ. ಒಂದನ್ನು ಆರಿಸಿ ಇನ್ನೊಂದನ್ನು ಬಿಡುವ ಹಟ ಇವರಿಗಿಲ್ಲ.

ಕೊರತೆಗಳೂ ಇವೆ. 17 ಟ್ರ್ಯಾಕ್ ಜಾಸ್ತಿ ಆಯಿತು. ನಡುವೆ ನಾಲ್ಕೈದು ಹಾಡು ಬರುವಾಗ ನನ್ನ ಗಮನ ಪೂರ್ತಿ ಹೊಲಿಗೆಗೆ ಹೋಗುತ್ತದೆ. ‘ಟ್ರಿಮ್ ಬಾಡಿ’ ಕೇಳಬಹುದು, ಮತ್ತೆ ಕೇಳಬೇಕು ಅನ್ನಿಸುವುದಿಲ್ಲ. ಗಾಂಜಾ ಹೊಗಳುವ ‘ಹೈಯೆಸ್ಟ್ ಗ್ರೇಡ್’ ನನಗೆ ಹಿಡಿಸಲಿಲ್ಲ, ಅದನ್ನು ದಾಟಿಸಿಬಿಡುತ್ತೇನೆ. ‘ಸೋರ್ಡ್ಸ್ ಇನ್ ದ ಡರ್ಟ್’ ಹಾಡಿನಲ್ಲಿ ಬೇರೆ ರಾಪರ್‌ಗಳೂ ಸೇರುತ್ತಾರೆ. ಗುಂಪು ಚೆನ್ನಾಗಿದೆ, ಆದರೆ ನನಗೆ ಬೇಕಾದ ಆ ಒಂದು ದನಿ ಅಲ್ಲಿ ಕಳೆದುಹೋಗುತ್ತದೆ. ‘ಜಾಯಿನ್ ದ ಡಾಟ್ಸ್’ ಹಾಗಲ್ಲ. ಅದರಲ್ಲಿ ಜೊತೆಗೂಡುವ ಅಮೆರಿಕದ ರಾಪರ್ ಚಾಲಿ ಟೂನಾ ಅವರ ದನಿ ಇನ್ನೂ ದಪ್ಪ. ಎರಡು ದಪ್ಪ ದನಿಗಳು ಎದುರು ಬದುರು ಕೂತು ಮಾತಾಡುವುದನ್ನು ಕೇಳಲು ಖುಷಿ.

‘ವಿಟ್ನೆಸ್’ ಹಾಡಿನ ವಿಡಿಯೋ ತಪ್ಪದೆ ನೋಡಿ. ಅದರಲ್ಲಿ ಅವರು ತಾವು ಓದಿದ ಪ್ರೈಮರಿ ಶಾಲೆಗೆ ಹೋಗಿ ಮಕ್ಕಳ ಆಟೋಟದ ದಿನದಲ್ಲಿ ಓಡುತ್ತಾರೆ. ದೊಡ್ಡ ಮೈಯ ಗಂಡಸು ಪುಟ್ಟ ಮಕ್ಕಳನ್ನು ಹಿಂದೆ ಹಾಕಿ ಗೆದ್ದು ಕುಣಿಯುತ್ತಾರೆ. ಎಲ್ಲರಿಗೂ ನಗು ಬರುತ್ತದೆ, ನನಗೂ ಬಂತು. ಆದರೆ ಎರಡನೇ ಸಲ ನೋಡುವಾಗ, ಚಿಕ್ಕವನಿದ್ದಾಗ ಗೆಲ್ಲದ ಯಾವುದನ್ನೋ ಗೆಲ್ಲಲು ವಾಪಸ್ ಹೋಗಿದ್ದಾರೆ ಅನ್ನಿಸಿ ಗಂಟಲು ಕಟ್ಟಿತು.

ಆಮೇಲಿನ ಆಲ್ಬಂಗಳನ್ನೂ ಕೇಳಿದ್ದೇನೆ. 2005ರ ‘ಆಫುಲಿ ಡೀಪ್’ ಇನ್ನೂ ಕತ್ತಲು, ಮನಸ್ಸು ಕುಸಿಯುವ ಬಗ್ಗೆ ಜಾಸ್ತಿ. 2008ರ ‘ಸ್ಲೈಮ್ ಅಂಡ್ ರೀಸನ್’ನಲ್ಲಿ ‘ಲೆಟ್ ದ ಸ್ಪಿರಿಟ್’ ಅಂತ ಒಂದು ಹಾಡಿದೆ. 2015ರ ‘ಬ್ಲೀಡ್ಸ್’ ಹೆಸರಿನ ಬಗ್ಗೆ ಅವರೇ ಹೇಳಿಕೊಂಡಿದ್ದಾರೆ: ಯೇಸುವಿನ ಹಾಗೆ, ತನ್ನ ಕಲೆಗಾಗಿ ರಕ್ತ ಸುರಿಸಲು ಸಿದ್ಧ ಅಂತ. ಅಂದರೆ ಚರ್ಚು ಅವರನ್ನು ಬಿಟ್ಟಿಲ್ಲ. ಹೊಸಬರು ಆದರೆ ‘ರನ್ ಕಮ್ ಸೇವ್ ಮಿ’ಯಿಂದಲೇ ಶುರು ಮಾಡಿ.

ಒಂದೇ ಒಂದು ಕೋರಿಕೆ. ಫೋನಿನ ಸ್ಪೀಕರಿನಲ್ಲಿ ಕೇಳಬೇಡಿ. ಅದರಲ್ಲಿ ಬೇಸ್ ಬರುವುದೇ ಇಲ್ಲ, ಬೇಸ್ ಇಲ್ಲದಿದ್ದರೆ ಈ ಆಲ್ಬಂನಲ್ಲಿ ಪ್ರಾರ್ಥನೆಯೂ ಇಲ್ಲ. ದೊಡ್ಡ ಸ್ಪೀಕರ್ ಇರುವ ಯಾರದ್ದಾದರೂ ಮನೆಗೆ ಹೋಗಿ. ಇಲ್ಲವಾದರೆ ಕಿವಿ ಪೂರ್ತಿ ಮುಚ್ಚುವ ಒಳ್ಳೆಯ ಹೆಡ್‌ಫೋನ್ ಹಾಕಿಕೊಳ್ಳಿ. ಸಾಹಿತ್ಯ ಅರ್ಥ ಆಗಲಿಲ್ಲ ಅಂತ ಮೊದಲ ದಿನವೇ ಬಿಡಬೇಡಿ. ನನಗೆ ಆರು ತಿಂಗಳು ಹಿಡಿಯಿತು.

ಎರಡು ವಾರ ಬಿಟ್ಟು ಆಂಟಿ ಡ್ರೆಸ್ ತಗೊಳ್ಳಲು ಬಂದರು. ಕನ್ನಡಿ ಮುಂದೆ ನಿಂತು ಅಂಚು ನೋಡಿಕೊಂಡರು. ಸರಿಯಾಗಿ ಕೂತಿತ್ತು. ದುಡ್ಡು ಕೊಟ್ಟರು, ಡ್ರೆಸ್ ಮಡಚಿ ಚೀಲಕ್ಕೆ ಹಾಕಿಕೊಂಡರು, ಆದರೆ ಹೊರಡಲಿಲ್ಲ. ಮೂಲೆಯ ಪ್ಲೇಯರ್ ಕಡೆ ನೋಡಿ ಕೇಳಿದರು:

“ಆ ಹುಡುಗ ಇವತ್ತು ಇಲ್ವಾ?”

ಸಿಡಿ ಹಾಕಿದೆ. ಅವರು ಚೀಲ ಕೆಳಗಿಟ್ಟು ಸ್ಟೂಲ್ ಎಳೆದುಕೊಂಡು ಕೂತರು.