ಕಾಫಿ ಹೊಟ್ಟು, ಉಮಿ ಬೂದಿ, ಕರಟದ ಕಾರ್ಬನ್: ಬಣ್ಣದ ನೀರಿಗೆ ಯಾವುದು?

ಕೊಡಗಿನಲ್ಲಿ ಹುಟ್ಟುವ ಕಾವೇರಿಗೆ ತಮಿಳುನಾಡಿನಲ್ಲಿ ನೊಯ್ಯಲ್ ಸೇರುತ್ತದೆ. ತಿರುಪ್ಪೂರಿನಲ್ಲಿ ಬಟ್ಟೆಗೆ ಬಣ್ಣ ಹಾಕುವ ಡೈಯಿಂಗ್ ಘಟಕಗಳ ನೀರಿನಿಂದ ಕೆಟ್ಟ ನದಿ ಅದು. 2011ರಲ್ಲಿ ಮದ್ರಾಸ್ ಹೈಕೋರ್ಟ್ ಆ ಘಟಕಗಳನ್ನೇ ಮುಚ್ಚಲು ಆದೇಶಿಸಿತು. ನಮ್ಮಲ್ಲಿ ಅಂಥ ಕಾರ್ಖಾನೆಗಳ ಸಾಲಿಲ್ಲ, ಆದರೆ ಬಣ್ಣ ಹೀರಬಲ್ಲ ಹೊಟ್ಟಿಗೆ ಬರವಿಲ್ಲ. ಹಾಗಾಗಿ ಕಾಲೇಜಿನ ಲ್ಯಾಬಿನಲ್ಲಿ ಹುಡುಗರ ಜೊತೆ ಮೂರನ್ನು ಹೋಲಿಸಿ ನೋಡಿದೆ. ನೀರು ಎರಡು ಬಗೆ: ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣ ಕರಗಿಸಿದ್ದು ಒಂದು, ಹತ್ತಿ ನೂಲಿಗೆ ರಾಸಾಯನಿಕವಾಗಿ ಅಂಟಿಕೊಳ್ಳುವ ‘ರಿಯಾಕ್ಟಿವ್’ ಬಗೆಯ ಕೆಂಪನ್ನು, ಬಣ್ಣ ಹಾಕುವಾಗ ಬಳಸುವ ಉಪ್ಪು, ಸೋಡಾ ಸಮೇತ ಕದಡಿದ್ದು ಇನ್ನೊಂದು.

ಕುಶಾಲನಗರದ ಕ್ಯೂರಿಂಗ್ ವರ್ಕ್ಸ್‌ನಿಂದ (ಕಾಫಿಯ ಹೊಟ್ಟು ಬಿಡಿಸುವ ಕಾರ್ಖಾನೆ) ತಂದ ಕಾಫಿ ಹೊಟ್ಟಿನ ಮೊದಲ ತಕರಾರು, ಅದು ತನ್ನ ಬಣ್ಣವನ್ನೇ ಬಿಡುತ್ತದೆ. ನೀಲಿ ಹೋಯಿತು, ಬೀಕರಿನಲ್ಲಿ ಕಡು ಚಹಾ ಉಳಿಯಿತು. ತಮಾಷೆಯೆಂದರೆ ನೀರಿನ ಬಣ್ಣ ಅಳೆಯುವ ಕಲರಿಮೀಟರ್ ಮಾತ್ರ ನೀರು ತಿಳಿಯಾಗಿದೆ ಎನ್ನುತ್ತಿತ್ತು. ಮೆಥಿಲೀನ್ ಬ್ಲೂ ಹೆಚ್ಚಾಗಿ ಹೀರುವುದು 664 ನ್ಯಾನೋಮೀಟರ್ ಆಸುಪಾಸಿನ ತರಂಗಾಂತರದ ಕೆಂಪು ಬೆಳಕನ್ನು. ಅಲ್ಲಿ ಅಳೆದರೆ ಹೊಟ್ಟಿನ ಕಂದು ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಬಸಿದ ನೀರು ತಿಳಿಯಾಗುವ ತನಕ ಹೊಟ್ಟನ್ನು ಕುದಿಸಿ ತೊಳೆದು, ಒಣಗಿಸಿ ಹಾಕಿದ ಮೇಲೆ ಫಲಿತಾಂಶ ನಿಜಕ್ಕೂ ಚೆನ್ನಾಗಿತ್ತು. ಹೊಟ್ಟಿನ ಮೇಲ್ಮೈಯದು ಋಣ ವಿದ್ಯುದಂಶ, ಈ ನೀಲಿಯದು ಧನ, ಹಾಗಾಗಿ ಹೊಟ್ಟು ನೀಲಿಯನ್ನು ಎಳೆದುಕೊಳ್ಳುತ್ತದೆ.

ಕೆಂಪಿಗೆ ಬಂದಾಗ ಅದೇ ಹೊಟ್ಟು ಕೈಕೊಟ್ಟಿತು. ರಿಯಾಕ್ಟಿವ್ ಬಣ್ಣಗಳು ಋಣ, ಸೋಡಾ ಇರುವ ನೀರು ಕ್ಷಾರ, ಎರಡೂ ಹೊಟ್ಟಿಗೆ ವಿರುದ್ಧ. ಆಸಿಡ್ ಹಾಕಿ ಪಿಎಚ್ (ಆಮ್ಲ–ಕ್ಷಾರದ ಅಳತೆ) 2–3ಕ್ಕೆ ಇಳಿಸಿದರೆ ಸ್ವಲ್ಪ ಹಿಡಿಯುತ್ತದೆ, ಒಪ್ಪಿದೆ. ಆದರೆ ಟ್ಯಾಂಕುಗಟ್ಟಲೆ ಸೋಡಾ ನೀರಿಗೆ ಆಸಿಡ್ ಸುರಿಯುವವರು ಯಾರು? ಕೃಷಿ ತ್ಯಾಜ್ಯವನ್ನು ಹೊಗಳುವ ಎಷ್ಟೋ ಪ್ರಬಂಧಗಳು ಮೆಥಿಲೀನ್ ಬ್ಲೂ ಮೇಲೆಯೇ ನಿಂತಿವೆ. ಹತ್ತಿ ಬಟ್ಟೆಯ ಘಟಕದವರಿಗೆ ಬೇಕಾದ ಉತ್ತರ ಅಲ್ಲಿ ಸಿಗುವುದಿಲ್ಲ.

ಅಕ್ಕಿ ಗಿರಣಿಯ ಉಮಿ ಬೂದಿ ನನಗೆ ಹಿಡಿಸಲಿಲ್ಲ. ಬಹುಪಾಲು ಸಿಲಿಕಾ, ಪೂರ್ತಿ ಸುಟ್ಟ ಬೂದುಬಣ್ಣದ್ದಕ್ಕಿಂತ ಇದ್ದಿಲು ಉಳಿದ ಕಪ್ಪು ಬೂದಿ ವಾಸಿ, ಆದರೆ ಒಂದು ಚೀಲದಂತೆ ಇನ್ನೊಂದಿಲ್ಲ. ಸೋಸುವ ಹೊತ್ತಿಗೆ ಫಿಲ್ಟರ್ ಪೇಪರ್ ಕಟ್ಟಿಕೊಳ್ಳುತ್ತದೆ.

ಅಂಗಡಿಯಿಂದ ತಂದ ಕರಟದ ಆಕ್ಟಿವೇಟೆಡ್ ಕಾರ್ಬನ್ (ತುಂಬಾ ರಂಧ್ರಗಳಾಗುವಂತೆ ಸಂಸ್ಕರಿಸಿದ ಇದ್ದಿಲು) ದುಬಾರಿ, ಆದರೂ ಕೆಂಪನ್ನು ಆಸಿಡ್ ಇಲ್ಲದೆ ತೆಗೆದದ್ದು ಇದೊಂದೇ. ಒಳ್ಳೆಯ ಕಾರ್ಬನ್ನಿನ ಒಂದು ಗ್ರಾಮಿಗೆ 1000 ಚದರ ಮೀಟರಿನಷ್ಟು ಮೇಲ್ಮೈ ಇರುತ್ತದೆ. ಕರಟದ್ದರಲ್ಲಿ ರಂಧ್ರಗಳು ತೀರಾ ಸಣ್ಣವು, ಈ ಬಣ್ಣದ ಅಣುಗಳು ದೊಡ್ಡವು; ಹಾಗಾಗಿ ಹರಳಿನ ರೂಪದ್ದು ನಿಧಾನ, ಪುಡಿ ಚುರುಕು. ಉಪ್ಪು ಮಾತ್ರ ಹಾಗೇ ಉಳಿಯುತ್ತದೆ. ಅದಕ್ಕೆ ಆರ್‌ಒ ಬೇಕು, ಅಂದರೆ ನೀರನ್ನು ಒತ್ತಡದಲ್ಲಿ ಪೊರೆಯ ಮೂಲಕ ಸೋಸುವ ವಿಧಾನ.

ನನ್ನ ಆಯ್ಕೆ: ಧನ ವಿದ್ಯುದಂಶದ ಬಣ್ಣವಾದರೆ ತೊಳೆದ ಕಾಫಿ ಹೊಟ್ಟು, ರಿಯಾಕ್ಟಿವ್ ಆದರೆ ಕಾರ್ಬನ್ ಪುಡಿ. ಬಣ್ಣ ಕುಡಿದ ಹೊಟ್ಟನ್ನು ತೋಟದ ಗೊಬ್ಬರದ ಗುಂಡಿಗೆ ಹಾಕೋಣವೇ ಎಂದು ಒಬ್ಬ ಹುಡುಗ ಕೇಳಿದ. ಬೇಡವೇ ಬೇಡ: ಬಳಸಿದ ಹೊಟ್ಟಿನ ಮೇಲೆ ಚೂರು ಆಸಿಡ್ ನೀರು ಬಿಟ್ಟು ತೋರಿಸಿದೆ, ನೀಲಿ ಮತ್ತೆ ಇಳಿಯತೊಡಗಿತು.