ಪೋರ್ಟಿಕೋದ ಲೆಕ್ಕ ಬಿಡಲಿಲ್ಲ ಇವರು

ಮಂಗಳೂರಿನಲ್ಲಿ ನಮ್ಮ ಮನೆಗೆ ಸ್ಟ್ರಕ್ಚರಲ್ ಡಿಸೈನ್ (ಕಂಬ, ಸ್ಲ್ಯಾಬ್, ಕಂಬಿಗಳ ಲೆಕ್ಕ) ಮಾಡಿಕೊಟ್ಟ ಇಂಜಿನಿಯರ್ ಇವರು. ಕೊಟ್ಟ ದುಡ್ಡಿಗೆ ಮೋಸ ಇಲ್ಲ.

ಮುಂದೆ ಕಂಬವೇ ಇಲ್ಲದೆ ಏಳಡಿ ಹೊರಗೆ ಚಾಚಿದ ಪೋರ್ಟಿಕೋ ಬೇಕು ಅಂತ ಅಪ್ಪನ ಆಸೆ. ಮೊದಲು ಬೇರೆಯವರ ಹತ್ತಿರ ಡ್ರಾಯಿಂಗ್ ಮಾಡಿಸಿದ್ದೆವು, ಭೂಕಂಪಕ್ಕೂ ಲೆಕ್ಕ ಹಾಕಿದೆ ಅಂದಿದ್ದರು. ಇವರು ಅದನ್ನು ನೋಡಿ ಕೇಳಿದ ಮೊದಲ ಮಾತೇ, "ಅಡ್ಡ ಅಲ್ಲಾಡೋದಕ್ಕೆ ಲೆಕ್ಕ ಇದೆ ಸರ್, ಮೇಲೆ ಕೆಳಗೆ ಕುಲುಕೋದಕ್ಕೆ ಎಲ್ಲಿದೆ?"

ನನಗೆ ಅದು ಗೊತ್ತೇ ಇರಲಿಲ್ಲ. ಭೂಕಂಪಕ್ಕೆ ಕಟ್ಟಡ ಹೇಗಿರಬೇಕು ಅಂತ ಹೇಳುವ ಭಾರತೀಯ ಮಾನದಂಡ ಐಎಸ್ 1893ರ 2016ರ ಆವೃತ್ತಿ ತೆಗೆದು ತೋರಿಸಿದರು. ಅದರ ಪ್ರಕಾರ ಭೂಕಂಪದ ಅಪಾಯ ಹೆಚ್ಚಿರುವ ಝೋನ್ 4, 5ರಲ್ಲಿ ಈ ಲೆಕ್ಕ ಬೇಕೇ ಬೇಕು. ಅದರಲ್ಲಿ ನಮ್ಮದು ಝೋನ್ 3, ಆದರೂ ಉದ್ದ ಸ್ಪ್ಯಾನ್ (ಆಧಾರಗಳ ನಡುವಿನ ಅಂತರ), ದೊಡ್ಡ ಚಾಚು, ಮೆತ್ತನೆ ಮಣ್ಣು ಇದ್ದರೆ ಇಲ್ಲೂ ಬಿಡುವಂತಿಲ್ಲ. ಅದರಲ್ಲೂ ಬಾಲ್ಕನಿ, ಪೋರ್ಟಿಕೋ ಥರ ಹೊರಗೆ ಚಾಚಿದ ಭಾಗಕ್ಕೆ ಈ ಮೇಲೆ ಕೆಳಗಿನ ಕುಲುಕಾಟದ ಬಲದ ಐದು ಪಟ್ಟು ಹಿಡಿಯಬೇಕು. ಡಕ್ಟೈಲ್ ಡೀಟೇಲಿಂಗ್ (ಭೂಕಂಪದಲ್ಲಿ ತಟ್ಟನೆ ಮುರಿಯದೆ ಬಾಗುವಂತೆ ಕಂಬಿ ಕಟ್ಟುವ ರೀತಿ) ಇರುವ ನಮ್ಮ ಮನೆಗೆ ಅದು ಪೋರ್ಟಿಕೋ ತೂಕದ ಸುಮಾರು ಶೇ. 13 ಆಗುತ್ತದೆ. ಏಳಡಿ ಸ್ಲ್ಯಾಬಿಗೆ ಹಿಡಿತ ಇರುವುದು ಒಂದೇ ಕಡೆ, ಅಲ್ಲಿ ಹಿಡಿತ ತಪ್ಪಿದರೆ ತಡೆಯಲು ಇನ್ನೇನೂ ಇಲ್ಲ ಅಲ್ವಾ? ನ್ಯೂಜಿಲೆಂಡಿನ 2011ರ ಕ್ರೈಸ್ಟ್‌ಚರ್ಚ್ ಭೂಕಂಪದಲ್ಲಿ ಒಂದು ಕಡೆ ಮೇಲೆ ಕೆಳಗಿನ ಕುಲುಕಾಟ ಗುರುತ್ವದ ಎರಡು ಪಟ್ಟು ದಾಟಿತ್ತಂತೆ. ನಮ್ಮಲ್ಲಿ ಅಷ್ಟು ಆಗುತ್ತದೆ ಅಂತಲ್ಲ, ಹೆದರಿಸಲೂ ಇಲ್ಲ ಅವರು. ಪೋರ್ಟಿಕೋ ಸ್ಲ್ಯಾಬಿನ ಮೇಲ್ಭಾಗದ ಕಂಬಿ ಸ್ವಲ್ಪ ಜಾಸ್ತಿ ಮಾಡಿ, ಅದನ್ನು ಹಿಂದಿನ ಸ್ಲ್ಯಾಬಿನೊಳಗೆ ಇನ್ನೂ ಉದ್ದ ಎಳೆದರು, ಅಷ್ಟೇ.

ನನಗೆ ಅತಿ ಇಷ್ಟವಾಗಿದ್ದು ಕಾಂಕ್ರೀಟ್ ದಿನ. ಕೆಲಸದವರು ಮೇಲೆ ಓಡಾಡಿ ಪೋರ್ಟಿಕೋದ ಮೇಲಿನ ಕಂಬಿಗಳು ಕೆಳಗೆ ಕೂತಿದ್ದವು. ಇವರು ಕುಕ್ಕರಗಾಲಲ್ಲಿ ಕೂತು ಟೇಪ್ ಹಿಡಿದರು. ಒಂದೂವರೆ ಇಂಚು ಇಳಿದಿತ್ತು. "ಇದು ಹೀಗೇ ಇದ್ರೆ ನನ್ನ ಲೆಕ್ಕ ಎಲ್ಲ ಸುಮ್ನೆ" ಅಂದರು. ಮಿಕ್ಸರ್ ನಿಲ್ಲಿಸಿ, ಮೇಲಿನ ಕಂಬಿಯನ್ನು ಎತ್ತಿ ಹಿಡಿಯುವ ಚೇರ್ ಕಂಬಿ ಇಡಿಸಿ, ಮತ್ತೆ ಅಳೆದ ಮೇಲೇ ಬಿಟ್ಟರು. ಮೇಸ್ತ್ರಿ ಗೊಣಗಿದರು, ನಾನು ಇಂಜಿನಿಯರ್ ಪರ ನಿಂತೆ.

ಒಂದು ಕೊರತೆ: ಡ್ರಾಯಿಂಗ್ ಕೈಗೆ ಬರಲು ಹೇಳಿದ್ದಕ್ಕಿಂತ ಹತ್ತು ದಿನ ತಡವಾಯಿತು, ನಾವೇ ಫೋನ್ ಮಾಡಿ ಮಾಡಿ ಕೇಳಬೇಕಾಯಿತು. ಅದಕ್ಕೆ ಒಂದು ಸ್ಟಾರ್ ಕಡಿಮೆ. ಕಂಬಿ ಅಳೆಯುತ್ತಿರುವ ಫೋಟೋ ಕೆಳಗೆ ಹಾಕಿದ್ದೇನೆ, ಚಾಚು ಇರುವ ಮನೆ ಕಟ್ಟಿಸುವವರು ನೋಡಿ.